ಮೂರು ಭಾಷೆ, ಒಂದೇ ಫಿರ್ಯಾದು

ಬೀದರ್ ಸೀಮೆಯಲ್ಲಿ ದಲಿತ ಸಾಹಿತ್ಯ ಮತ್ತು ಸಾಮಾಜಿಕ ನ್ಯಾಯ: ಉಪನ್ಯಾಸದ ಬರಹರೂಪ

ಬೀದರ್ ನಗರದ ಕಚೇರಿಗಳ ಮುಂದೆ ಅರ್ಜಿ ಬರೆದುಕೊಡುವವರ ಸುತ್ತ ಜನ ನೆರೆದಿರುತ್ತಾರೆ. ಔರಾದ ತಾಲ್ಲೂಕಿನ ಗಡಿಯ ಹಳ್ಳಿಯೊಂದರಿಂದ ಬಂದ ದಲಿತ ಕೂಲಿಕಾರನೊಬ್ಬ ಅಲ್ಲಿ ಕುಳಿತು ತನ್ನ ಸಂಕಟ ತೋಡಿಕೊಳ್ಳುತ್ತಿದ್ದಾನೆ ಎಂದುಕೊಳ್ಳಿ. ಅವನ ಮನೆಮಾತು ಮರಾಠಿ. ಪೇಟೆಯಲ್ಲಿ ಅವನು ವ್ಯವಹರಿಸುವುದು ದಖನಿ ಉರ್ದುವಿನಲ್ಲಿ. ಅರ್ಜಿ ಬರೆಯಬೇಕಾದದ್ದು ಕನ್ನಡದಲ್ಲಿ. ಆ ಕನ್ನಡದ ಅರ್ಜಿಯೊಳಗೆ ಬರುವ ಮಾತುಗಳನ್ನೇ ಗಮನಿಸಬೇಕು. ಅರ್ಜಿ, ಫಿರ್ಯಾದು, ವಕೀಲ, ಜಪ್ತಿ, ಜಮೀನು, ಇವೆಲ್ಲ ಪಾರ್ಸಿ-ಅರಬ್ಬಿ ಮೂಲದಿಂದ ಸುಲ್ತಾನರ, ನಿಜಾಮರ ಆಡಳಿತದ ದಾರಿಯಲ್ಲಿ ಬಂದವು. ಪಹಣಿ ಮರಾಠಿಯ ಮಾತು. ಕೊನೆಯಲ್ಲಿ ಬರುವ ‘ನ್ಯಾಯ ಕೊಡಿಸಬೇಕೆಂದು ವಿನಂತಿ’ ಎಂಬುದು ಸಂಸ್ಕೃತದ ಸಾಲ. ಹೀಗೆ ಒಂದು ಹಾಳೆಯ ಅರ್ಜಿಯಲ್ಲಿ ಈ ನೆಲದ ಎಂಟು ನೂರು ವರ್ಷಗಳ ಚರಿತ್ರೆ ಅಡಗಿದೆ.

ಬೀದರ್, ಭಾಲ್ಕಿ, ಔರಾದ ಸೀಮೆಯಲ್ಲಿ ದಲಿತ ಸಾಹಿತ್ಯದ ಮಾತೆತ್ತುವವರು ಈ ಅರ್ಜಿಯಿಂದಲೇ ಆರಂಭಿಸಬೇಕು. ಮೈಸೂರು, ಬೆಂಗಳೂರು, ಕೋಲಾರಗಳಲ್ಲಿ ದಲಿತ ಸಾಹಿತ್ಯ ಒಂದೇ ಭಾಷೆಯ ಒಳಗೆ, ಆ ಭಾಷೆಯ ಯಜಮಾನಿಕೆಯ ಜೊತೆ ಜಗಳ ಮಾಡುತ್ತಾ ಬೆಳೆಯಿತು. ಇಲ್ಲಿ ಹಾಗಾಗಲಿಲ್ಲ. ಇಲ್ಲಿಯ ದಲಿತನಿಗೆ ಸಮಾನತೆಯ ಹಳೆಯ ಮಾತು ಕನ್ನಡದ ವಚನಗಳಲ್ಲಿ ಸಿಕ್ಕಿತು. ರಾಜಕೀಯ ಹಕ್ಕಿನ ಮೊದಲ ಪಾಠ ಉರ್ದುವಿನ ಹೈದರಾಬಾದಿನಲ್ಲಿ ಸಿಕ್ಕಿತು. ಆತ್ಮಗೌರವದ ಹೊಸ ನುಡಿ ಮರಾಠಿಯಲ್ಲಿ ಅಂಬೇಡ್ಕರ್ ಅವರಿಂದ ಬಂತು. ಮೂರೂ ಸೇರಿದ ಮೇಲೂ ನ್ಯಾಯ ಅವನ ಕೈಗೆ ಪೂರ್ತಿ ಎಟುಕಲಿಲ್ಲವೇಕೆ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಇದು ಕೆಲವೇ ಜನರ ಪ್ರಶ್ನೆಯೂ ಅಲ್ಲ. 2011ರ ಜನಗಣತಿಯ ಪ್ರಕಾರ ಬೀದರ್ ಜಿಲ್ಲೆಯ ಜನಸಂಖ್ಯೆ ಸುಮಾರು 17 ಲಕ್ಷ. ಅದರಲ್ಲಿ ಪರಿಶಿಷ್ಟ ಜಾತಿಯವರು ಹತ್ತಿರ ಹತ್ತಿರ 4 ಲಕ್ಷ. ಅಂದರೆ ನೂರಕ್ಕೆ ಇಪ್ಪತ್ತಮೂರಕ್ಕೂ ಹೆಚ್ಚು.

ಕಲ್ಯಾಣದ ಸಾಕ್ಷಿ

ಭಾಲ್ಕಿಗೆ ದೂರವಲ್ಲದ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ನಡುವೆ ನಡೆದದ್ದು ಕನ್ನಡ ನಾಡಿಗೆಲ್ಲ ಗೊತ್ತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು, ಅದಕ್ಕಾಗಿ ಬಿಜ್ಜಳನ ಆಳಿಕೆಯಲ್ಲಿ ಹರಳಯ್ಯ, ಮಧುವರಸರಿಗೆ ಮರಣದಂಡನೆಯಾಯಿತು, ಕಲ್ಯಾಣ ಹೊತ್ತಿ ಉರಿಯಿತು ಎಂದು ಪರಂಪರೆ ಹೇಳುತ್ತದೆ. ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಅಲ್ಲಯ್ಯ, ಮಧುವಯ್ಯ ಎಂಬ ಶರಣರ ಕಣ್ಣು ಕೀಳಿಸಿದ ಕಥೆ ಇದೆ. ಮದುವೆಯ ಪ್ರಸಂಗ ಬೆಳೆದದ್ದು ಅನಂತರದ ಕಥನಗಳಲ್ಲಿ. ವಿವರ ಏನೇ ಇರಲಿ, ಜಾತಿಯ ಗೆರೆ ದಾಟಿದವರ ಮೈಮೇಲೆ ಪ್ರಭುತ್ವ ಕೈ ಮಾಡಿತು ಎಂಬ ನೆನಪು ಮಾತ್ರ ಗಟ್ಟಿಯಾಗಿ ಉಳಿದಿದೆ.

ಆ ಚಳವಳಿಯಲ್ಲಿ ಕೆಳಗಿನವರು ಕೇವಲ ಆಶ್ರಯ ಪಡೆದವರಾಗಿರಲಿಲ್ಲ, ಬರೆದವರೂ ಆಗಿದ್ದರು ಎಂಬುದು ಇಲ್ಲಿ ಮುಖ್ಯ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಉರಿಲಿಂಗಪೆದ್ದಿ, ಅವನ ಹೆಂಡತಿ ಕಾಳವ್ವೆ, ಇವರೆಲ್ಲರ ವಚನಗಳು ಉಳಿದು ಬಂದಿವೆ. ಚೆನ್ನಯ್ಯನ ಹೆಸರಿನಲ್ಲಿ ದೊರೆತಿರುವ ವಚನಗಳು ಕೆಲವೇ ಕೆಲವು. ಆದರೆ ಅವುಗಳ ಅಂಕಿತವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಬೇರೆ ಹಲವು ವಚನಕಾರರು ತಮ್ಮ ಇಷ್ಟದೈವದ ಹೆಸರನ್ನಷ್ಟೇ ಇಟ್ಟುಕೊಂಡರೆ, ಈತನ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗೂಂಟ, ಅಂದರೆ ತೊಗಲಿನ ಕೆಲಸದ ಸಲಕರಣೆಗಳು, ದೈವದ ಪಕ್ಕದಲ್ಲೇ ಇವೆ. ತನ್ನ ಕಸುಬನ್ನು ಮರೆಮಾಚಿ ದೊಡ್ಡವನಾಗುವ ಆಸೆ ಅಲ್ಲಿಲ್ಲ. ದಲಿತ ಲೇಖಕರು ಎಪ್ಪತ್ತರ ದಶಕದಲ್ಲಿ ತಮ್ಮ ಕೇರಿಯ ಹೆಸರನ್ನೇ ಕಾವ್ಯಕ್ಕೆ ತಂದಾಗ ಹೊಸದಾಗಿ ಕಂಡದ್ದು ಎಂಟು ನೂರು ವರ್ಷಗಳ ಹಿಂದೆ ಇದೇ ಜಿಲ್ಲೆಯ ನೆಲದಲ್ಲಿ ಒಮ್ಮೆ ನಡೆದಿತ್ತು.

ಕಾಳವ್ವೆಯ ವಚನದ ರೀತಿ ಇನ್ನೂ ಮೊನಚು. ಸಣ್ಣ ಪ್ರಾಣಿಗಳನ್ನು ತಿನ್ನುವವರು ಕುಲವಂತರೆನಿಸಿಕೊಳ್ಳುವುದು, ದನದ ಮಾಂಸ ತಿನ್ನುವ ಮಾದಿಗ ಕೀಳೆನಿಸಿಕೊಳ್ಳುವುದು, ಆದರೆ ಅದೇ ಮಾದಿಗನ ಕೈಯ ತೊಗಲಿನ ಪಾತ್ರೆಯಲ್ಲಿಟ್ಟ ತುಪ್ಪವನ್ನು ಶುದ್ಧವೆಂದು ಮೇಲಿನವರು ಉಣ್ಣುವುದು, ಈ ಮೂರನ್ನೂ ಅವಳು ಒಂದರ ಪಕ್ಕ ಒಂದಿಟ್ಟು ತೋರಿಸುತ್ತಾಳೆ. ಅಲ್ಲಿ ಅಳುವಿಲ್ಲ, ಬೇಡಿಕೆಯೂ ಇಲ್ಲ. ವಕೀಲನೊಬ್ಬ ಎದುರು ಪಕ್ಷದ ಸಾಕ್ಷಿಯನ್ನೇ ಹಿಡಿದು ವಾದ ಮಂಡಿಸುವ ಬಗೆ ಅದು. ದೂರು ಹೇಳಿಕೊಳ್ಳುವುದು ಸಾಹಿತ್ಯವಾಗಲಾರದು ಎನ್ನುವವರು ಈ ವಚನವನ್ನು ಒಮ್ಮೆ ಓದಬೇಕು.

ಉರಿಲಿಂಗಪೆದ್ದಿ ಉರಿಲಿಂಗದೇವನ ಶಿಷ್ಯನಾಗಿ, ಗುರುವಿನ ಅನಂತರ ಅವನ ಗದ್ದುಗೆಯನ್ನೇ ಏರಿದವನು. ಆ ಗುರುವಿನ ನೆಲೆ ಇಂದು ಮಹಾರಾಷ್ಟ್ರದ ನಾಂದೇಡ ಜಿಲ್ಲೆಯಲ್ಲಿರುವ ಕಂದಾರ ಎಂದು ಪರಂಪರೆ ಗುರುತಿಸುತ್ತದೆ. ಔರಾದದಿಂದ ಆಚೆಗೆ ಮರಾಠಿ ನಾಡೆಂದು ಈಗ ಕರೆಯುವ ಭಾಗ ಅದು. ಕಲ್ಯಾಣಕ್ಕೆ ಬರುವ ಮುಂಚೆ ಬಿಜ್ಜಳನ ನೆಲೆಯಾಗಿದ್ದ ಮಂಗಳವೇಢೆಯಲ್ಲೇ ಹದಿನಾಲ್ಕನೆಯ ಶತಮಾನದಲ್ಲಿ ಮಹಾರ ಸಂತ ಚೋಖಾಮೇಳ ಬಾಳಿದ. ವಿಠ್ಠಲನಿಗಾಗಿ ಅಭಂಗ ಕಟ್ಟಿದ ಆ ಭಕ್ತನಿಗೆ ಪಂಢರಪುರದ ಗುಡಿಯ ಒಳಗೆ ಪ್ರವೇಶವಿರಲಿಲ್ಲ. ಅವನ ಸಮಾಧಿ ಗುಡಿಯ ಮಹಾದ್ವಾರದ ಮೆಟ್ಟಿಲ ಬಳಿಯಲ್ಲಿದೆ. ಆ ಗುಡಿ ಅಸ್ಪೃಶ್ಯರಿಗೆ ತೆರೆದದ್ದು ಸಾನೆ ಗುರೂಜಿಯವರು ಉಪವಾಸ ಕುಳಿತ ಮೇಲೆ, 1947ರಲ್ಲಿ. ಹಾಡು ಒಳಗೆ ಹೋಗಿ ಆರು ನೂರು ವರ್ಷಗಳಾದ ಮೇಲೆ ಹಾಡಿದವನ ಜನ ಒಳಗೆ ಹೋದರು.

ಸಾಹಿತ್ಯಕ್ಕೂ ನ್ಯಾಯಕ್ಕೂ ಇರುವ ಅಂತರ ಇಲ್ಲಿ ಅಳತೆಗೆ ಸಿಗುತ್ತದೆ. ಬಸವಣ್ಣ ಚೆನ್ನಯ್ಯನನ್ನೂ ಕಕ್ಕಯ್ಯನನ್ನೂ ತನ್ನ ಮನೆತನದ ಹಿರಿಯರೆಂದು ಕರೆದುಕೊಂಡ. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದ ಮೇಲೆ ಓದುಬಲ್ಲವರಿಗೆಲ್ಲ ಆ ಮಾತು ಎಟುಕಿತು. ಆದರೂ ಅದೇ ಸೀಮೆಯ ಊರುಗಳಲ್ಲಿ ಮಾದಾರ ಚೆನ್ನಯ್ಯನ ಕುಲದವರ ಕೇರಿ ಊರ ಹೊರಗೇ ಉಳಿಯಿತು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, 1990ರಲ್ಲಿ ಕಾರ್ನಾಡರ ‘ತಲೆದಂಡ’ ನಾಟಕಗಳು ಕಲ್ಯಾಣವನ್ನು ಮತ್ತೆ ಮತ್ತೆ ರಂಗಕ್ಕೆ ತಂದವು. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. ಹರಳಯ್ಯನ ಮಗನ ಮದುವೆಯಂಥ ಮದುವೆ ಇಂದು ನಡೆದರೆ ಊರು ಹೇಗೆ ನಡೆದುಕೊಳ್ಳುತ್ತದೆ ಎಂಬ ಪ್ರಶ್ನೆಗೆ ಮಾತ್ರ ಮಂಟಪದ ಕಲ್ಲು ಉತ್ತರ ಕೊಡಲಾರದು.

ಉರ್ದು ಹಲಗೆ, ಕನ್ನಡ ಪಾಠ

ನಿಜಾಮರ ಕಾಲಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಆಡಳಿತದ ಭಾಷೆ ಉರ್ದು. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಹುಟ್ಟಿದ್ದೂ ಉರ್ದು ಮಾಧ್ಯಮದಲ್ಲಿ. ಭಾಲ್ಕಿ ಹಿರೇಮಠದ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ಬೀದರ್ ಜಿಲ್ಲೆಯ ಜನ ಇಂದಿಗೂ ಹೇಳುತ್ತಾರೆ. ಬಹುಕಾಲ ಔರಾದ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಕಮಲನಗರದಲ್ಲಿ 1936ರಲ್ಲಿ ಅವರು ಶಾಲೆ ತೆರೆದರು. ಜಾತಿಯೆಣಿಸದೆ ಮಕ್ಕಳನ್ನು ಮಠದ ಪ್ರಸಾದಕ್ಕೂ ಪಾಠಕ್ಕೂ ಸೇರಿಸಿಕೊಂಡರೆಂದು ಜನ ಅವರನ್ನು ನೆನೆಯುತ್ತಾರೆ. ನೂರು ದಾಟಿದ ಬಾಳು ಅವರದು, 1999ರಲ್ಲಿ ತೀರಿಕೊಂಡರು.

ಕನ್ನಡದ ಚರಿತ್ರೆಯಲ್ಲಿ ಈ ಕಥೆ ಭಾಷೆಯ ಉಳಿವಿನ ಕಥೆಯಾಗಿಯೇ ದಾಖಲಾಗಿದೆ. ದಲಿತ ಮಗುವಿನ ಕಡೆಯಿಂದ ನೋಡಿದರೆ ಅದಕ್ಕೆ ಇನ್ನೊಂದು ಅರ್ಥವೂ ಬರುತ್ತದೆ. ಯಾವ ಭಾಷೆಯ ಹಲಗೆ ಎಂಬುದಕ್ಕಿಂತ ಮುಂಚೆ, ಬಾಗಿಲ ಒಳಗೆ ಬಿಡುತ್ತಾರೋ ಇಲ್ಲವೋ ಎಂಬುದು ಆ ಮಗುವಿನ ಪ್ರಶ್ನೆಯಾಗಿತ್ತು. ಮಠದ ಶಾಲೆ ಕೆಲವರನ್ನು ಒಳಗೆ ಬಿಟ್ಟಿತು. ಬೀದರ್ ನಗರದಲ್ಲಿ ನೆಲೆಯೂರಿದ ಮೆಥಡಿಸ್ಟ್ ಮಿಷನ್ನಿನ ಶಾಲೆ, ಆಸ್ಪತ್ರೆಗಳು ಇನ್ನು ಕೆಲವರನ್ನು ಒಳಗೆ ಬಿಟ್ಟವು. ಅನೇಕ ಮಾದಿಗ ಕುಟುಂಬಗಳು ಕ್ರೈಸ್ತವಾದವು. ಅಕ್ಷರ ಹೀಗೆ ಬೇರೆ ಬೇರೆ ಬಾಗಿಲುಗಳಿಂದ, ಬೇರೆ ಬೇರೆ ದೇವರ ಹೆಸರಿನಲ್ಲಿ ಕೇರಿಗೆ ಬಂತು.

ಇದೇ ಹೊತ್ತಿಗೆ ಹೈದರಾಬಾದಿನಲ್ಲಿ ಭಾಗ್ಯರೆಡ್ಡಿ ವರ್ಮ (1888–1939) ‘ಆದಿ ಹಿಂದೂ’ ಚಳವಳಿ ಕಟ್ಟಿದ್ದರು. ಅಸ್ಪೃಶ್ಯರು ಈ ನೆಲದ ಮೂಲನಿವಾಸಿಗಳು, ಅವರನ್ನು ಆ ಹೆಸರಿನಿಂದಲೇ ಕರೆಯಬೇಕು ಎಂಬುದು ಅವರ ಹಟ. 1931ರ ಜನಗಣತಿಯಲ್ಲಿ ಹೈದರಾಬಾದ್ ಸಂಸ್ಥಾನದ ಅಸ್ಪೃಶ್ಯರು ‘ಆದಿ ಹಿಂದೂ’ ಎಂದು ದಾಖಲಾದರು. ತಮ್ಮ ಹೆಸರನ್ನು ತಾವೇ ಇಟ್ಟುಕೊಂಡು ಸರ್ಕಾರದ ಪುಸ್ತಕದಲ್ಲಿ ಬರೆಸುವುದು ಎಂದರೆ ಅದೂ ಒಂದು ಬಗೆಯ ಬರವಣಿಗೆಯೇ. ಅನಂತರದ ತಲೆಮಾರಿನ ಬಿ. ಶ್ಯಾಮಸುಂದರ್ (1908–1975) ದಲಿತರೂ ಮುಸಲ್ಮಾನರೂ ಒಂದಾಗಬೇಕೆಂದು ವಾದಿಸಿದರು. 1948ರಲ್ಲಿ ಹೈದರಾಬಾದಿನ ಪ್ರಶ್ನೆ ವಿಶ್ವಸಂಸ್ಥೆಗೆ ಹೋದಾಗ ಅವರು ಆ ಸಂಸ್ಥಾನದ ನಿಯೋಗದಲ್ಲಿದ್ದರು. ಇಪ್ಪತ್ತು ವರ್ಷಗಳ ಅನಂತರ, 1968ರಲ್ಲಿ, ಕಲಬುರಗಿಯಲ್ಲಿ ಭೀಮಸೇನೆ ಸ್ಥಾಪಿಸಿದರು. ರಜಾಕಾರರ ಹಾವಳಿ, ಪೊಲೀಸ್ ಕಾರ್ಯಾಚರಣೆ, ಅದರ ಬೆನ್ನಿಗೆ ಬೀದರ್ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಮುಸಲ್ಮಾನರ ಮೇಲೆ ನಡೆದ ಹಿಂಸೆ, ಇವುಗಳ ನಡುವೆ ಈ ಭಾಗದ ದಲಿತರು ಯಾರ ಪಕ್ಷ ವಹಿಸಿದರೂ ಪೆಟ್ಟು ತಪ್ಪುತ್ತಿರಲಿಲ್ಲ. ವಿಮೋಚನೆಯ ಚರಿತ್ರೆ ಬರೆಯುವಾಗ ಈ ಸಂಕಟಕ್ಕೆ ಸಿಗುವ ಜಾಗ ಬಹಳ ಕಡಿಮೆ.

1956: ಹದಿನೆಂಟು ದಿನಗಳ ಅಂತರ

1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧ ಧರ್ಮ ಸ್ವೀಕರಿಸಿದರು. ಹದಿನೆಂಟು ದಿನಗಳ ಅನಂತರ, ನವೆಂಬರ್ 1ರಂದು, ಭಾಷಾವಾರು ರಾಜ್ಯಗಳು ಬಂದವು. ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ಅಹಮದಪುರ, ನಿಲಂಗಾ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಬೀದರ್, ಭಾಲ್ಕಿ, ಔರಾದ, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು.

ಭಾಲ್ಕಿ, ಔರಾದದ ಮಹಾರ ಕುಟುಂಬಗಳಿಗೆ ಈ ಎರಡು ತಾರೀಖುಗಳು ಎರಡು ದಿಕ್ಕಿಗೆ ಎಳೆದವು. ನಾಗಪುರದ ಮಾತು ಮರಾಠಿಯಲ್ಲಿತ್ತು, ಭೀಮಗೀತೆಗಳು ಮರಾಠಿಯಲ್ಲಿದ್ದವು, ಮದುವೆಯ ನೆಂಟರು ಉದಗೀರ, ದೇಗಲೂರು, ಲಾತೂರಿನಲ್ಲಿದ್ದರು. ಶಾಲೆ, ಕಚೇರಿ, ನೌಕರಿ ಕನ್ನಡಕ್ಕೆ ತಿರುಗಿದವು. ಏಪ್ರಿಲ್ 14ರ ಜಯಂತಿಯಲ್ಲಿ ಈ ಭಾಗದ ಕೇರಿಗಳಲ್ಲಿ ಮೊಳಗುವ ಹಾಡುಗಳನ್ನು ಕೇಳಿದರೆ ಇಂದಿಗೂ ಆ ಎಳೆತ ಕೇಳಿಸುತ್ತದೆ. ಒಂದು ಹಾಡು ವಾಮನ ಕರ್ಡಕರ ಹಾದಿಯ ಮರಾಠಿಯದು, ಮುಂದಿನದು ಕನ್ನಡದ ಹೋರಾಟದ ಹಾಡು, ಅದರ ಬೆನ್ನಿಗೆ ಕವ್ವಾಲಿಯ ಧಾಟಿಯ ಉರ್ದು. ಹಾರ್ಮೋನಿಯಂ ಒಂದೇ, ಕೇಳುವ ಜನರೂ ಒಂದೇ.

ಗಡಿಯ ಆಚೆಯಲ್ಲಿ ಆ ಹೊತ್ತಿಗೆ ದಲಿತ ಸಾಹಿತ್ಯ ಒಂದು ಚಳವಳಿಯಾಗುತ್ತಿತ್ತು. ಅಂಬೇಡ್ಕರ್ 1950ರಲ್ಲಿ ಔರಂಗಾಬಾದಿನಲ್ಲಿ ತೆರೆದ ಕಾಲೇಜು, ಮುಂದೆ ಮಿಲಿಂದ ಕಾಲೇಜು, ನಿಜಾಮ ಸಂಸ್ಥಾನದ ಹಳೆಯ ನೆಲದಲ್ಲಿ ದಲಿತರ ಮೊದಲ ತಲೆಮಾರಿನ ಪದವೀಧರರನ್ನು ತಯಾರು ಮಾಡಿತು. ಅಲ್ಲಿಂದಲೇ ಗಂಗಾಧರ ಪಾನತಾವಣೆಯವರ ‘ಅಸ್ಮಿತಾದರ್ಶ’ ಪತ್ರಿಕೆ ಹೊರಟಿತು. 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಅದೇ ವರ್ಷ ನಾಮದೇವ ಢಸಾಳರ ‘ಗೋಲಪೀಠಾ’ ಬಂತು. 1978ರಲ್ಲಿ ದಯಾ ಪವಾರರ ‘ಬಲುತಂ’ ಪ್ರಕಟವಾಯಿತು. ಬಲುತ ಎಂದರೆ ಊರ ಚಾಕರಿಗೆ ಸುಗ್ಗಿಯಲ್ಲಿ ಸಿಗುವ ಕಾಳಿನ ಪಾಲು. ಆ ಮಾತಿಗೆ ಬೀದರ್‌ನ ರೈತರಿಗೂ ಕೂಲಿಗಳಿಗೂ ಅನುವಾದ ಬೇಕಿರಲಿಲ್ಲ.

ಈ ಸೀಮೆಗೆ ಇನ್ನೂ ಹತ್ತಿರದ ಎರಡು ಪುಸ್ತಕಗಳಿವೆ. ಲಾತೂರು ಜಿಲ್ಲೆಯಿಂದ ಬಂದ ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’ (1987) ಬ್ರಿಟಿಷರ ಕಾನೂನು ಹುಟ್ಟಾ ಕಳ್ಳರೆಂದು ಮುದ್ರೆಯೊತ್ತಿದ ಸಮುದಾಯದ ಕಥೆ. ಅದಕ್ಕೆ 1988ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇನ್ನೊಂದು ಶರಣಕುಮಾರ ಲಿಂಬಾಳೆಯವರ ‘ಅಕ್ಕರಮಾಶಿ’ (1984). ಲಿಂಬಾಳೆ ಹುಟ್ಟಿದ್ದು ಕನ್ನಡ, ಮರಾಠಿ ಬೆರೆತ ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯಲ್ಲಿ. ತಾಯಿ ಮಹಾರ ಹೆಂಗಸು, ತಂದೆ ಲಿಂಗಾಯತ ಪಾಟೀಲ, ಅಜ್ಜಿಯ ಜೊತೆಗಾರನಾಗಿ ತನ್ನನ್ನು ಸಾಕಿದವನು ಮುಸಲ್ಮಾನ ಎಂದು ಲೇಖಕರೇ ಬರೆದಿದ್ದಾರೆ. ಯಾವ ಜಾತಿ, ಯಾವ ಧರ್ಮ ಎಂಬ ಪ್ರಶ್ನೆಗೆ ಆ ಮಗುವಿನ ಬಳಿ ಉತ್ತರವಿಲ್ಲ. ತಂದೆಯ ಹೆಸರು ಬರೆಯಬೇಕಾದ ಶಾಲೆಯ ಕಾಗದ ಅದಕ್ಕೆ ದೊಡ್ಡ ಸಂಕಟ. ಚೆನ್ನಯ್ಯನನ್ನು ಅಪ್ಪನೆಂದು ಒಪ್ಪಿಕೊಂಡ ಶರಣ ಪರಂಪರೆಯ ನೆಲದಲ್ಲೇ, ಆ ಪರಂಪರೆಗೆ ಸೇರಿದ ಮನೆತನದವನೊಬ್ಬ ತನ್ನ ಮಗನಿಗೆ ಅಪ್ಪನಾಗಲು ಒಪ್ಪದ ಕಥೆ ಇದು. ಬೀದರ್ ಸೀಮೆಯ ಓದುಗನಿಗೆ ಈ ಪುಸ್ತಕ ಪರರಾಜ್ಯದ ಸಾಹಿತ್ಯವಾಗಿ ಕಾಣಲಾರದು.

ಬೂಸಾ ಮತ್ತು ಬಂಡಾಯ

ಕನ್ನಡದಲ್ಲಿ ದಲಿತ ಸಾಹಿತ್ಯಕ್ಕೆ ಕಿಡಿ ಹೊತ್ತಿದ್ದು 1973ರ ನವೆಂಬರಿನಲ್ಲಿ. ದೇವರಾಜ ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾವೇ ಹೆಚ್ಚು ಎಂಬರ್ಥದ ಮಾತಾಡಿದರು. ಗಲಭೆಯೆದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ರಾಜೀನಾಮೆ ಕೊಡಬೇಕಾಯಿತು. ಎಪ್ಪತ್ತರ ದಶಕದ ನಡುವೆ ಬಿ. ಕೃಷ್ಣಪ್ಪ ಮುಂತಾದವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ದೇವನೂರ ಮಹಾದೇವರ ಕಥೆಗಳು ಗದ್ಯದ ದಾರಿಯನ್ನೇ ಬದಲಿಸಿದವು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಬೇಕೆಂಬ ಬೇಡಿಕೆಗೆ ಒಪ್ಪಿಗೆ ಸಿಗದೆ, ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು.

ಈ ಅಲೆ ಹೈದರಾಬಾದ್ ಕರ್ನಾಟಕಕ್ಕೆ ಬಂದಾಗ ಕಲಬುರಗಿಯ ಚೆನ್ನಣ್ಣ ವಾಲೀಕಾರರು ತಮ್ಮ ನೆಲದ ಆಡುಮಾತಿನಲ್ಲೇ ಬರೆದರು. ‘ಕರಿತೆಲಿ ಮಾನವನ ಜೀಪದ’ ಎಂಬ ಹೆಸರೇ ಗ್ರಂಥದ ಕನ್ನಡವನ್ನು ಬಾಗಿಲ ಹೊರಗೆ ನಿಲ್ಲಿಸುತ್ತದೆ. ಗೀತಾ ನಾಗಭೂಷಣರು ಕಲಬುರಗಿ ಸೀಮೆಯ ಕೆಳವರ್ಗದ ಹೆಂಗಸರ ಬದುಕನ್ನು ಅವರ ಮಾತಿನಲ್ಲೇ ಬರೆದು, ‘ಬದುಕು’ ಕಾದಂಬರಿಗೆ 2004ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಬೀದರ್ ನಗರದಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಎರಡು ಸಲ ನಡೆದಿದೆ, 1960ರಲ್ಲಿ ಮತ್ತು 2006ರಲ್ಲಿ. ಮೊದಲನೆಯದು ನಡೆದಾಗ ಕನ್ನಡದಲ್ಲಿ ದಲಿತ ಸಾಹಿತ್ಯವೆಂಬ ಮಾತೇ ಚಾಲ್ತಿಯಲ್ಲಿರಲಿಲ್ಲ. ಎರಡನೆಯದರ ಹೊತ್ತಿಗೆ ಆ ಮಾತಿ ಇಲ್ಲದೆ ಕನ್ನಡ ಸಾಹಿತ್ಯ ಚರಿತ್ರೆ ಬರೆಯುವುದೇ ಅಸಾಧ್ಯವಾಗಿತ್ತು.

ಆದರೂ ಒಂದು ಕೊರತೆ ಉಳಿದೇ ಇದೆ. ಮನೆಯಲ್ಲಿ ಮರಾಠಿಯಾಡಿ ಶಾಲೆಯಲ್ಲಿ ಕನ್ನಡ ಓದಿದ ಔರಾದದ ದಲಿತ ಹುಡುಗನ ಅನುಭವ ಎರಡೂ ಸಾಹಿತ್ಯಗಳ ಅಂಚಿನಲ್ಲಿ ನಿಲ್ಲುತ್ತದೆ. ಪುಣೆಯ ಪ್ರಕಾಶಕನಿಗೆ ಅವನ ಮರಾಠಿ ಗಡಿಯ ಮರಾಠಿ. ಬೆಂಗಳೂರಿನ ಸಂಪಾದಕನಿಗೆ ಅವನ ಕನ್ನಡ ಗಡಿಯ ಕನ್ನಡ. ಅಂಚಿನವರ ಸಾಹಿತ್ಯದಲ್ಲೂ ಅವನಿಗೆ ಸಿಕ್ಕಿದ್ದು ಅಂಚೇ.

ಪಟ್ಟಿಯ ಹೆಸರು, ಬಾಳಿನ ಹೆಸರು

ಭಾಷೆಯ ಈ ತೊಡಕು ಪುಸ್ತಕದ ಕಪಾಟಿನಲ್ಲಿ ಮುಗಿಯುವುದಿಲ್ಲ. ಸರ್ಕಾರದ ಪಟ್ಟಿಯೊಳಕ್ಕೂ ಹೋಗುತ್ತದೆ. ಕನ್ನಡದ ಹೊಲೆಯ, ಮರಾಠಿಯ ಮಹಾರ, ತೆಲುಗಿನ ಮಾಲ ಇವರ ಸ್ಥಾನ ಊರಿನ ಕಟ್ಟಿನಲ್ಲಿ ಬಹುಮಟ್ಟಿಗೆ ಒಂದೇ. ಕನ್ನಡ, ತೆಲುಗಿನ ಮಾದಿಗ, ಮರಾಠಿಯ ಮಾಂಗ ಇವರದೂ ಹಾಗೆಯೇ. ಬೀದರ್ ಜಿಲ್ಲೆಯಲ್ಲಿ ಈ ಹೆಸರುಗಳೆಲ್ಲ ಅಕ್ಕಪಕ್ಕದಲ್ಲಿವೆ. ಔರಾದದ ತಾಂಡಾಗಳ ಲಂಬಾಣಿಗರ ಸಂಗತಿ ಇನ್ನೂ ವಿಚಿತ್ರ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ. ಪೂರ್ವದ ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ. ಪಶ್ಚಿಮದ ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ವಿಮುಕ್ತ ಜಾತಿ. ತಾಂಡಾದ ಅಕ್ಕತಂಗಿಯರು ಮೂರು ರಾಜ್ಯಕ್ಕೆ ಸೊಸೆಯರಾಗಿ ಹೋದರೆ ಅವರ ಮಕ್ಕಳು ಮೂರು ಪಟ್ಟಿಗಳಲ್ಲಿ ಹುಟ್ಟುತ್ತಾರೆ.

ಧರ್ಮದ ಗೆರೆಯೂ ಹಾಗೆಯೇ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರಿಗೂ, 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತ, ಮುಸಲ್ಮಾನ ದಲಿತರು ಹೊರಗೇ ಉಳಿದರು. ಈ ಪ್ರಶ್ನೆಯನ್ನು ಪರಿಶೀಲಿಸಲು 2022ರಲ್ಲಿ ಕೇಂದ್ರ ಸರ್ಕಾರ ಆಯೋಗ ನೇಮಿಸಿತು. ಬೌದ್ಧ ವಿಹಾರವೂ ಮೆಥಡಿಸ್ಟ್ ಚರ್ಚೂ ನಾನಕ್ ಝರಾ ಗುರುದ್ವಾರವೂ ಇರುವ ಬೀದರ್‌ನಲ್ಲಿ ಇದು ಪುಸ್ತಕದ ಚರ್ಚೆಯಲ್ಲ. ಖಾಲ್ಸಾದ ಮೊದಲ ಐವರಲ್ಲಿ ಒಬ್ಬನಾದ ಭಾಯಿ ಸಾಹಿಬ್ ಸಿಂಗ್ ಇದೇ ಬೀದರ್‌ನ ಕ್ಷೌರಿಕ ಕುಲದವನೆಂದು ಸಿಖ್ ಪರಂಪರೆ ಹೆಮ್ಮೆಯಿಂದ ಹೇಳುತ್ತದೆ. ಜಾತಿ ಬಿಡಲು ಈ ನೆಲದ ಜನ ತೆರೆದ ಬಾಗಿಲುಗಳನ್ನೆಲ್ಲ ಹೊಕ್ಕು ನೋಡಿದ್ದಾರೆ. ಜಾತಿ ಅವರನ್ನು ಹಿಂಬಾಲಿಸಿ ಒಳಗೆ ಬಂದಿದೆ.

ದಲಿತರೊಳಗಿನ ಮೇಲು ಕೀಳು ಕೂಡ ಈ ಚರ್ಚೆಯಿಂದ ಹೊರಗುಳಿಯುವಂತಿಲ್ಲ. ಒಳಮೀಸಲಾತಿಗೆ ರಾಜ್ಯಗಳಿಗೆ ಅಧಿಕಾರವುಂಟೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2024ರ ಆಗಸ್ಟ್ 1ರಂದು ತೀರ್ಪು ಕೊಟ್ಟಿತು. ಕೇರಿಯೊಳಗಿನ ಕೇರಿಯನ್ನು, ಅಲ್ಲಿಯ ಹೆಂಗಸಿನ ಪಾಡನ್ನು ಬರೆಯುವ ಧೈರ್ಯ ದಲಿತ ಸಾಹಿತ್ಯದಲ್ಲಿ ಕಾಣಿಸಿದರೂ ಅದು ಸಾಲದಾಗಿದೆ. ಕಾಳವ್ವೆಯ ಜಾಗದಲ್ಲಿ ನಿಂತು ಬೀದರ್ ಸೀಮೆಯಿಂದ ಬರೆಯುವ ಹೆಂಗಸರ ದನಿ ಇನ್ನೂ ಹೆಚ್ಚಬೇಕಿದೆ.

ಸಾಹಿತ್ಯ ಏನು ಮಾಡೀತು?

ಹಾಗಾದರೆ ಸಾಹಿತ್ಯದಿಂದ ನ್ಯಾಯಕ್ಕೆ ಆಗುವ ಸಹಾಯವಾದರೂ ಏನು? ಉತ್ತರಕ್ಕೆ ಎರಡು ಬಗೆಯ ಕಾಗದಗಳನ್ನು ಹೋಲಿಸಬಹುದು. ಪೊಲೀಸ್ ಠಾಣೆಯ ಫಿರ್ಯಾದಿಗೆ ತಾರೀಖು ಬೇಕು, ಸ್ಥಳ ಬೇಕು, ಆರೋಪಿಯ ಹೆಸರು ಬೇಕು, ಸಾಕ್ಷಿ ಬೇಕು. ಅಷ್ಟು ಬೇಕಾದದ್ದು ಸರಿಯೇ. ಅದಿಲ್ಲದೆ ಶಿಕ್ಷೆ ಕೊಡಲಾಗದು. ಆದರೆ ಚಹದಂಗಡಿಯಲ್ಲಿ ಬೇರೆ ಲೋಟ ಇಟ್ಟದ್ದು ಯಾವ ತಾರೀಖಿನಿಂದ? ಶಾಲೆಯಲ್ಲಿ ಹುಡುಗನೊಬ್ಬ ಕೊನೆಯ ಸಾಲಿಗೆ ಸರಿದು ಕೂರಲು ಕಲಿತದ್ದು ಯಾರ ಅಪರಾಧ? ಅವ್ವ ಬುತ್ತಿಗಾಗಿ ಗೌಡರ ಹಿತ್ತಲಲ್ಲಿ ಕಾಯುತ್ತಾ ನಿಂತ ಹೊತ್ತಿಗೆ ಸಾಕ್ಷಿ ಯಾರು? ಇಂಥವು ಫಿರ್ಯಾದಿನಲ್ಲಿ ಹಿಡಿಯುವುದಿಲ್ಲ. ಆತ್ಮಕಥೆಯಲ್ಲಿ ಹಿಡಿಯುತ್ತವೆ. ಕಾನೂನು ಒಂದು ಘಟನೆಯನ್ನು ನೋಡುತ್ತದೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994), ಸಿದ್ಧಲಿಂಗಯ್ಯನವರ ‘ಊರುಕೇರಿ’ಯಂಥ ಪುಸ್ತಕಗಳು ಘಟನೆಗಳ ಹಿಂದಿನ ದಿನಚರಿಯನ್ನು ನೋಡುತ್ತವೆ.

ದಿನಚರಿ ಬೆಳಕಿಗೆ ಬಂದ ಮೇಲೆ ಕಾನೂನು ಕೂಡ ತನ್ನ ಭಾಷೆಯನ್ನು ಬದಲಿಸಿಕೊಳ್ಳಬೇಕಾಗುತ್ತದೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರಲ್ಲಿ ಅದಕ್ಕೊಂದು ಕಾಯ್ದೆ ಬಂತು. ಅದು ಸಾಲದೆ 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆಯನ್ನು ಮಾಡಬೇಕಾಯಿತು. ಅದರ ಅಪರಾಧಗಳ ಪಟ್ಟಿಯಲ್ಲಿ ಮೊದಲಿಗೇ ಬರುವುದು ತಿನ್ನಬಾರದ್ದನ್ನು ಬಲವಂತವಾಗಿ ತಿನ್ನಿಸುವುದು, ಕುಡಿಸುವುದು. ಎರಡೇ ವರ್ಷ ಮುಂಚೆ, 1987ರಲ್ಲಿ, ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಿದ ಪ್ರಕರಣ ನಾಡನ್ನು ತಲೆತಗ್ಗಿಸುವಂತೆ ಮಾಡಿತ್ತು. ಆ ಕಾಯ್ದೆಯ ಪಟ್ಟಿಯನ್ನೂ ದಲಿತ ಆತ್ಮಕಥೆಗಳ ಪುಟಗಳನ್ನೂ ಒಟ್ಟಿಗೆ ಓದಿದರೆ ಎರಡೂ ಒಂದೇ ಬದುಕನ್ನು ಕುರಿತವೆಂಬುದು ತಿಳಿಯುತ್ತದೆ.

ದಲಿತ ಬರವಣಿಗೆಯಲ್ಲಿ ಕಲೆಗಿಂತ ದೂರೇ ಹೆಚ್ಚು ಎಂಬ ಆಕ್ಷೇಪ ಹಳೆಯದು. ಓದುಗನಿಗೆ ಆನಂದ ಕೊಡುವುದೇ ಸಾಹಿತ್ಯದ ಅಳತೆಗೋಲಾಗಬೇಕಿಲ್ಲ ಎಂದು ಲಿಂಬಾಳೆಯವರು ದಲಿತ ಸಾಹಿತ್ಯದ ಸೌಂದರ್ಯಶಾಸ್ತ್ರ ಕುರಿತ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಅದನ್ನು ಒಪ್ಪದವರೂ ಒಂದು ಮಾತನ್ನು ಒಪ್ಪಬೇಕು. ಕೇಳುವವರೇ ಇಲ್ಲದಿದ್ದಾಗ ದೂರು ಹೇಳಲು ತಕ್ಕ ಮಾತು ಹುಡುಕುವುದು ಸುಲಭದ ಕೆಲಸವಲ್ಲ.

1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅಂಬೇಡ್ಕರ್ ಅವರನ್ನು ಭಾಷಣಕ್ಕೆ ಕರೆದು, ಬರೆದುಕೊಟ್ಟ ಭಾಷಣ ಓದಿದ ಮೇಲೆ ಹೆದರಿ ಸಮ್ಮೇಳನವನ್ನೇ ರದ್ದು ಮಾಡಿತು. ಆಡಲಾಗದ ಆ ಭಾಷಣವನ್ನು ಅವರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಅದೇ ‘ಜಾತಿ ವಿನಾಶ’. ಜಾತಿಗೆ ನಿಜವಾದ ಮದ್ದು ಅಂತರಜಾತಿ ಮದುವೆ ಎಂದು ಅವರು ಅದರಲ್ಲಿ ಹೇಳಿದರು. ಕಲ್ಯಾಣದ ನೆನಪಿನಲ್ಲಿ ದಂಡನೆಗೆ ಗುರಿಯಾದದ್ದೂ ಅಂಥದೇ ಮದುವೆ. ನಡುವೆ ಏಳು ನೂರಕ್ಕೂ ಹೆಚ್ಚು ವರ್ಷ, ಬೇರೆ ಬೇರೆ ಭಾಷೆ, ಬೇರೆ ಬೇರೆ ಪ್ರಭುತ್ವ. ಮಾತು ಬಂದು ನಿಂತದ್ದು ಅದೇ ಹೊಸ್ತಿಲಿಗೆ.

ಈ ಸೀಮೆಯಲ್ಲಿ ಮಾಡಬೇಕಾದ ಕೆಲಸಗಳು ಕಣ್ಣೆದುರಿಗೇ ಇವೆ. ಭಾಲ್ಕಿ, ಔರಾದದ ಕೇರಿಗಳಲ್ಲಿ ಹಾಡುವ ಮರಾಠಿ, ಕನ್ನಡ, ಉರ್ದು ಮಿಶ್ರಿತ ಭೀಮಗೀತೆಗಳನ್ನೂ ತತ್ವಪದಗಳನ್ನೂ ಹಿರಿಯರ ಬಾಯಿಂದ ಕೇಳಿ ಬರೆದಿಡಬೇಕು. ಅವು ಹಾಡುವವರ ಜೊತೆಗೇ ಹೋಗಿಬಿಡುತ್ತವೆ. ಮರಾಠಿಯ ದಲಿತ ಆತ್ಮಕಥೆಗಳನ್ನು ಗಡಿಯ ಕನ್ನಡಕ್ಕೆ, ಕನ್ನಡದವನ್ನು ಮರಾಠಿಗೆ ತರಲು ಎರಡೂ ಭಾಷೆ ಬಲ್ಲ ಈ ಊರುಗಳ ಹುಡುಗ ಹುಡುಗಿಯರಿಗಿಂತ ತಕ್ಕವರು ಬೇರೆ ಯಾರೂ ಇಲ್ಲ. ಇದುವರೆಗೆ ಕೊರತೆಯೆನಿಸಿದ ಗಡಿಯ ಮಾತು ಆಗ ಅವರಿಗೆ ಬಂಡವಾಳವಾದೀತು. ಶಾಲೆಯ ಮಕ್ಕಳು ಬಸವಣ್ಣನ ಜೊತೆ ಚೆನ್ನಯ್ಯ, ಕಾಳವ್ವೆಯರನ್ನೂ ಲೇಖಕರೆಂದೇ ಓದುವಂತಾಗಬೇಕು.

ಕಚೇರಿಯ ಮುಂದಿನ ಆ ಕೂಲಿಕಾರನ ಅರ್ಜಿ ಇಷ್ಟರಿಂದ ಮಂಜೂರಾಗುವುದಿಲ್ಲ. ಅದಕ್ಕೆ ಅಧಿಕಾರಿ ಬೇಕು, ಕಾನೂನು ಬೇಕು, ಬೆನ್ನಿಗೆ ಸಂಘಟನೆ ಬೇಕು. ಆದರೆ ಆ ಅರ್ಜಿಯನ್ನು ಇಂದು ಅವನ ಪರವಾಗಿ ಇನ್ನೊಬ್ಬರು ಬರೆಯುತ್ತಿದ್ದಾರೆ. ಅವನು ಮರಾಠಿಯಲ್ಲಿ ಹೇಳಿದ್ದು ಕನ್ನಡದ ಹಾಳೆಗೆ ಇಳಿಯುವಾಗ ಎಷ್ಟು ಉಳಿಯಿತು, ಎಷ್ಟು ಸೋರಿತು ಎಂಬುದು ಅವನಿಗೆ ಗೊತ್ತಾಗುವುದಿಲ್ಲ; ಕೊನೆಯಲ್ಲಿ ಹೆಬ್ಬೆಟ್ಟು ಒತ್ತಿ ಎದ್ದು ಹೋಗುತ್ತಾನೆ. ಅವನ ಮಗಳು ಆ ಹಾಳೆಯನ್ನು ತಾನೇ ಬರೆದು, ಓದಿ ಹೇಳಿ, ‘ನೀ ಹೇಳಿದ್ದು ಇದೇ ಏನಪ್ಪಾ?’ ಎಂದು ಕೇಳುವ ದಿನ ಬಂದರೆ ದಲಿತ ಸಾಹಿತ್ಯ ಬೀದರ್ ಸೀಮೆಯಲ್ಲಿ ತನ್ನ ಕೆಲಸ ಆರಂಭಿಸಿದೆ ಎಂದು ತಿಳಿಯಬಹುದು.